ಬೇಸಗೆ ರಜೆಯಲ್ಲಿ ಊರಿನ ಲೈಬ್ರರಿಗೆ ಮಕ್ಕಳನ್ನು ಬರಿಸುವುದು ಹೇಗೆ

ಮಾರ್ಚ್ ಕೊನೆಗೆ ಪರೀಕ್ಷೆ ಮುಗಿಯುತ್ತದೆ. ಅಲ್ಲಿಂದ ಜೂನ್ ಮೊದಲಿಗೆ ಶಾಲೆ ಶುರುವಾಗುವ ತನಕ ಎರಡು ತಿಂಗಳು ಮಕ್ಕಳು ಮನೆಯಲ್ಲಿ. ಕಾಸರಗೋಡಿನ ಸಣ್ಣ ಪೇಟೆಗಳಲ್ಲಿರುವ ನಮ್ಮ ಲೈಬ್ರರಿಗಳಿಗೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಸಮಯ ಬೇರೆ ಇಲ್ಲ. ಆದರೆ ಎಷ್ಟೋ ಕಡೆ ಈ ಎರಡು ತಿಂಗಳಲ್ಲಿ ಪೇಪರ್ ಓದಲು ಬರುವ ನಾಲ್ಕು ಜನ ಹಿರಿಯರನ್ನು ಬಿಟ್ಟರೆ ಒಳಗೆ ಯಾರೂ ಇರುವುದಿಲ್ಲ. ನೋಡುವಾಗ ಬೇಜಾರಾಗುತ್ತದೆ. ನಾನು ಕೆಲವು ವರ್ಷಗಳಿಂದ ನಮ್ಮೂರಿನ ಗ್ರಂಥಾಲಯದ ಸಮಿತಿಯಲ್ಲಿದ್ದೇನೆ, ಬಾಲವೇದಿಯ, ಅಂದರೆ ಲೈಬ್ರರಿಯ ಮಕ್ಕಳ ಕೂಟದ ಕೆಲಸ ನೋಡಿಕೊಳ್ಳುತ್ತೇನೆ. ಮಾಡಿ ನೋಡಿ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಕಾರ್ಯಕ್ರಮ ಯಾವುದೇ ಇರಲಿ, ಮಗು ಮನೆಗೆ ಹೊರಡುವಾಗ ಅದರ ಕೈಯಲ್ಲಿ ಒಂದು ಪುಸ್ತಕ ಇರಬೇಕು. ಇಷ್ಟೇ ಲೆಕ್ಕ. ಮೊದಲನೇ ವರ್ಷ ನಾವು ದೊಡ್ಡ ಬ್ಯಾನರ್ ಹಾಕಿ, ಮೈಕ್ ತಂದು, ಉದ್ಘಾಟನೆ ಮಾಡಿಸಿ, ಐದು ಜನರಿಂದ ಭಾಷಣ ಮಾಡಿಸಿದೆವು. ಮಕ್ಕಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡು ಗಂಟೆ ಕೂತಿದ್ದರು. ಲಾಡು ಹಂಚಿದೆವು, ಫೋಟೋ ತೆಗೆದೆವು, ಎಲ್ಲರೂ ಹೋದರು. ಸಂಜೆ ಇಶ್ಯೂ ರಿಜಿಸ್ಟರ್ ತೆರೆದು ನೋಡಿದರೆ ಅವತ್ತಿನ ತಾರೀಕಿನ ಕೆಳಗೆ ಒಂದು ಹೆಸರೂ ಇಲ್ಲ. ಅಷ್ಟು ಮಕ್ಕಳು ಪುಸ್ತಕಗಳ ನಡುವೆ ಕೂತು ಬರಿಗೈಯಲ್ಲಿ ಹೋದರಲ್ಲ ಅಂತ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಆಮೇಲಿನ ವರ್ಷದಿಂದ ಉದ್ಘಾಟನೆ ಬಿಟ್ಟೆವು.

ಮಾರ್ಚಿನಲ್ಲೇ ಕಪಾಟು ತೆರೆಯಿರಿ

ಮಕ್ಕಳು ಬರುವ ಮೊದಲು ಮಕ್ಕಳ ಪುಸ್ತಕಗಳೆಲ್ಲ ಎಲ್ಲಿವೆ ನೋಡಿ. ತುಂಬ ಲೈಬ್ರರಿಗಳಲ್ಲಿ ಅವು ಗಾಜಿನ ಬಾಗಿಲ ಒಳಗೆ, ಬೀಗ ಹಾಕಿ, ಮೇಲಿನ ತಟ್ಟಿನಲ್ಲಿ ಇರುತ್ತವೆ. ಅವನ್ನು ಕೆಳಗೆ ತನ್ನಿ. ಮೂರನೇ ಕ್ಲಾಸಿನ ಮಗುವಿನ ಎದೆಯ ಎತ್ತರಕ್ಕಿಂತ ಮೇಲೆ ಮಕ್ಕಳ ಪುಸ್ತಕ ಬೇಡ. ಜಾಗ ಇಲ್ಲದಿದ್ದರೆ ಎರಡು ಬೆಂಚು ಸೇರಿಸಿ, ಮುಖಪುಟ ಕಾಣುವ ಹಾಗೆ ಹರಡಿಡಿ. ಬೆನ್ನು ಮಾತ್ರ ಕಾಣುವ ಪುಸ್ತಕವನ್ನು ಸಣ್ಣ ಮಕ್ಕಳು ಮುಟ್ಟುವುದೇ ಕಡಿಮೆ.

ಹರಿದ ಪುಸ್ತಕಗಳನ್ನು ಬೇರೆ ತೆಗೆದಿಡಿ. ಬಿಸಾಡಬೇಡಿ, ಸೆಲ್ಲೋಟೇಪ್ ಹಚ್ಚಲೂ ಬೇಡಿ. ಆ ಟೇಪ್ ನಾಲ್ಕೈದು ವರ್ಷಕ್ಕೆ ಹಳದಿಯಾಗಿ ಎದ್ದು ಬರುತ್ತದೆ, ಅಂಟು ಮಾತ್ರ ಕಾಗದದಲ್ಲಿ ಕಂದು ಕಲೆಯಾಗಿ ಉಳಿಯುತ್ತದೆ. ಮೈದಾ ಅಂಟೇ ಒಳ್ಳೆಯದು. ಒಂದು ಪಾಲು ಮೈದಾಕ್ಕೆ ನಾಲ್ಕೈದು ಪಾಲು ನೀರು ಹಾಕಿ, ಮೊದಲು ತಣ್ಣೀರಿನಲ್ಲೇ ಗಂಟಿಲ್ಲದಂತೆ ಕಲಸಿ, ಆಮೇಲೆ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಬಿಳಿ ಬಣ್ಣ ಹೋಗಿ ಗಂಜಿಯ ಹಾಗೆ ಹೊಳೆಯಲು ಶುರುವಾದಾಗ ಇಳಿಸಿ. ಬೈಂಡಿಂಗ್ ಮಾಡುವವರು ಹುಳ ಬಾರದಿರಲಿ ಅಂತ ಇದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ, ಆದರೆ ಅದು ವಿಷ. ಮಕ್ಕಳನ್ನು ಸೇರಿಸಿಕೊಂಡು ಮಾಡುವಾಗ ಅದು ಬೇಡವೇ ಬೇಡ. ಅಂಟನ್ನು ದಿನದಿನ ಹೊಸದಾಗಿ ಮಾಡಿಕೊಳ್ಳಿ, ಸಾಕು.

ಬೆನ್ನು ಬಿಟ್ಟ ಪುಸ್ತಕಕ್ಕೆ ಹಳೇ ಪಂಚೆಯ ತುಂಡು ಸಾಕು. ಒಂದೂವರೆ ಇಂಚು ಅಗಲದ ಪಟ್ಟಿ ಕತ್ತರಿಸಿ, ಅಂಟು ತೆಳ್ಳಗೆ ಹಚ್ಚಿ, ಪುಸ್ತಕದ ಬೆನ್ನಿಗೆ ಕೂರಿಸಿ ಎರಡೂ ಬದಿಗೆ ಸ್ವಲ್ಪ ಮಡಚಿ. ಬೆರಳಿನಿಂದ ಮಧ್ಯದಿಂದ ಹೊರಗೆ ಒತ್ತುತ್ತಾ ಹೋದರೆ ಗಾಳಿ ಉಳಿಯುವುದಿಲ್ಲ. ರಟ್ಟಿಗೂ ಮೊದಲ ಪುಟಕ್ಕೂ ನಡುವೆ ಪ್ಲಾಸ್ಟಿಕ್ ಹಾಳೆ ಇಡಿ, ಇಲ್ಲದಿದ್ದರೆ ಎರಡೂ ಅಂಟಿಕೊಳ್ಳುತ್ತವೆ. ಮೇಲೆ ಪೇಪರ್ ಸುತ್ತಿದ ಎರಡು ಇಟ್ಟಿಗೆ ಹೇರಿ ಒಂದು ರಾತ್ರಿ ಬಿಡಿ. ಈ ಕೆಲಸಕ್ಕೆ ಆರನೇ, ಏಳನೇ ಕ್ಲಾಸಿನ ಮಕ್ಕಳನ್ನು ಕರೆಯಿರಿ. ತಾನೇ ಅಂಟಿಸಿದ ಪುಸ್ತಕವನ್ನು ಮಗು ಬಿಡುವುದಿಲ್ಲ, ಮರುದಿನ ಇಟ್ಟಿಗೆ ತೆಗೆದು ಬಿಡಿಸಿ ನೋಡಿ, ಅಲ್ಲೇ ಕೂತು ಓದಲು ಶುರು ಮಾಡುತ್ತದೆ. ಇದನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಕಪಾಟಿನ ಹಿಂದೆ ಒರಲೆ ಹಿಡಿದಿದೆಯಾ ಅಂತಲೂ ಆಗಲೇ ನೋಡಿಬಿಡಿ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಎಳೆದಿಟ್ಟರೆ ಮಣ್ಣಿನ ದಾರಿ ಕಟ್ಟಿದ್ದು ಬೇಗ ಕಾಣುತ್ತದೆ. ಪುಸ್ತಕಗಳಿಗೆ ಗಾಳಿ ಬೇಕು, ಉರಿಬಿಸಿಲು ಬೇಡ. ಜಗಲಿಯ ನೆರಳಿನಲ್ಲಿ ಅರ್ಧ ದಿನ ಹರಡಿದರೆ ಆಯಿತು.

ಸುದ್ದಿ ಮುಟ್ಟುವ ಹಾಗೆ ಬರೆಯಿರಿ

ನೋಟೀಸಿನಲ್ಲಿ ‘ಸರ್ವರಿಗೂ ಆದರದ ಸ್ವಾಗತ’ ಅಂತ ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅಮ್ಮಂದಿರಿಗೆ ಬೇಕಾದದ್ದು ಬೇರೆ. ಎಷ್ಟು ಗಂಟೆಗೆ ಬಿಡಬೇಕು, ಎಷ್ಟು ಗಂಟೆಗೆ ಕರೆದುಕೊಂಡು ಹೋಗಬೇಕು, ದುಡ್ಡು ಎಷ್ಟು, ತಿನ್ನಲು ಏನಾದರೂ ಕೊಡುತ್ತಾರಾ, ನೋಡಿಕೊಳ್ಳಲು ದೊಡ್ಡವರು ಇರುತ್ತಾರಾ. ನಾವು ಹೀಗೆ ಬರೆಯುತ್ತೇವೆ:

‘ಏಪ್ರಿಲ್ 23, ಬೆಳಗ್ಗೆ 9.30ರಿಂದ 11.30. ಲೈಬ್ರರಿಯಲ್ಲಿ ಕಥೆ ಓದುವುದು. ಮೂರರಿಂದ ಏಳನೇ ಕ್ಲಾಸಿನ ಮಕ್ಕಳು ಬನ್ನಿ. ಹೊಸ ಪುಸ್ತಕ ಬಂದಿದೆ, ಮೊದಲು ಬಂದವರು ಮೊದಲು ಆರಿಸಬಹುದು. ದುಡ್ಡು ಬೇಡ. ಮಜ್ಜಿಗೆ ಇದೆ. ಇಬ್ಬರು ಟೀಚರ್ ಇರುತ್ತಾರೆ. ಹನ್ನೊಂದೂವರೆಗೆ ಸರಿಯಾಗಿ ಬಿಡುತ್ತೇವೆ.’

ಇದನ್ನೇ ಕೆಳಗೆ ಮಲಯಾಳದಲ್ಲಿಯೂ ಬರೆಯಿರಿ. ನಮ್ಮಲ್ಲಿ ಮನೆಯೊಳಗೆ ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಮಾತಾಡುವ ಮಕ್ಕಳು ಒಂದೇ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಾರೆ. ಕನ್ನಡ ಮಾತ್ರ ಹಾಕಿದರೆ ಪಕ್ಕದ ಮನೆಯ ಮಗುವಿಗೆ ಇದು ತನಗಲ್ಲ ಅನ್ನಿಸುತ್ತದೆ. ಅಕ್ಷರ ದೊಡ್ಡದಾಗಿರಲಿ, ಕೈಬರಹವಾದರೂ ತೊಂದರೆ ಇಲ್ಲ.

ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಸುದ್ದಿ ಮುಟ್ಟಿತು ಅಂತ ತಿಳಿಯಬೇಡಿ. ಗ್ರೂಪಿನಲ್ಲಿರುವುದು ಹೆಚ್ಚಾಗಿ ನಮ್ಮಂಥವರೇ. ಹಾಲಿನ ಸೊಸೈಟಿ, ರೇಷನ್ ಅಂಗಡಿ, ಅಂಗನವಾಡಿ, ಬಸ್ ಸ್ಟಾಂಡ್, ಇಷ್ಟು ಕಡೆ ಕಾಗದ ಅಂಟಿಸಲೇಬೇಕು. ನಮಗೆ ಜಾಸ್ತಿ ಮಕ್ಕಳು ಬಂದದ್ದು ಕುಟುಂಬಶ್ರೀ ಕೂಟದಿಂದ, ಅಂದರೆ ಊರಿನ ಹೆಂಗಸರ ಸ್ವಸಹಾಯ ಗುಂಪಿನಿಂದ. ವಾರದ ಮೀಟಿಂಗಿಗೆ ಹೋಗಿ ಐದು ನಿಮಿಷ ಕೇಳಿಕೊಂಡು, ‘ಅಕ್ಕ, ನಿಮ್ಮ ಮಗಳನ್ನು ಒಂದು ದಿನ ಕಳಿಸಿ ನೋಡಿ’ ಅಂತ ಹೆಸರು ಹಿಡಿದು ಹೇಳಿದರೆ ಕಳಿಸುತ್ತಾರೆ. ಬಾಯಿಮಾತಿಗೆ ಇರುವ ಬಲ ಕಾಗದಕ್ಕೆ ಇಲ್ಲ.

ಲೈಬ್ರರಿಯ ಹೊರಗೋಡೆಯಲ್ಲಿ ಒಂದು ಕರಿಹಲಗೆ ಇಡಿ. ಪ್ರತಿ ಸೋಮವಾರ ಮೂರೇ ಸುದ್ದಿ: ಈ ವಾರ ಬಂದ ಪುಸ್ತಕ, ಈ ವಾರದ ಕಾರ್ಯಕ್ರಮ, ಈ ವಾರ ಯಾರು ಏನು ಓದಿದರು. ಮೂರನೆಯದನ್ನು ಬಿಡಬೇಡಿ. ತನ್ನ ಹೆಸರು ಹಲಗೆಯಲ್ಲಿ ಇದೆ ಅಂತ ಗೊತ್ತಾದರೆ ಮಗು ಅಜ್ಜನನ್ನೂ ಕರೆದುಕೊಂಡು ಬರುತ್ತದೆ, ತೋರಿಸಲು.

ಗಂಟೆ, ತಾರೀಕು

ಬೆಳಗ್ಗೆ ಒಂಬತ್ತೂವರೆಗೆ ಶುರು ಮಾಡಿ, ಹನ್ನೊಂದೂವರೆಗೆ ನಿಲ್ಲಿಸಿ. ಏಪ್ರಿಲ್, ಮೇ ತಿಂಗಳ ಸೆಕೆಗೆ ಹೆಂಚಿನ ಮಾಡಿನ ಕೆಳಗೆ ಮಧ್ಯಾಹ್ನ ಕೂರಲು ಆಗುವುದಿಲ್ಲ. ಸಂಜೆಯ ಹೊತ್ತಿಗೆ ಗುಡುಗು, ಸಿಡಿಲು ಬರುವ ಕಾಲವೂ ಇದೇ, ಆಗ ಮಕ್ಕಳನ್ನು ಗುಡ್ಡೆ ಹತ್ತಿಸಿ ಮನೆಗೆ ಕಳಿಸುವುದು ಸರಿಯಲ್ಲ. ದಿನಾ ಬೇಡ. ವಾರಕ್ಕೆ ಎರಡು ದಿನ, ಅದೇ ದಿನ, ಅದೇ ಗಂಟೆ. ಬಸ್ಸಿನ ಟೈಮ್ ನೋಡಿ ಗಂಟೆ ಇಡಿ.

ತಾರೀಕುಗಳು ಹೆಚ್ಚು ಕಡಿಮೆ ತಾವಾಗಿಯೇ ಸಿಗುತ್ತವೆ. ಮಾರ್ಚ್ 23 ಗೋವಿಂದ ಪೈಗಳು ಹುಟ್ಟಿದ ದಿನ, 1883ರಲ್ಲಿ, ನಮ್ಮ ಮಂಜೇಶ್ವರದಲ್ಲಿಯೇ. ಅದು ಪರೀಕ್ಷೆಯ ಸಮಯ, ಆದ್ದರಿಂದ ಆ ದಿನ ದೊಡ್ಡವರು ಸೇರಿ ಸಂಜೆ ಒಂದು ಗಂಟೆ ಅವರ ಪದ್ಯ ಓದಬಹುದು. ಮಕ್ಕಳನ್ನು ರಜೆ ಸಿಕ್ಕ ಮೇಲೆ ಗಿಳಿವಿಂಡಿಗೆ, ಅಂದರೆ ಮಂಜೇಶ್ವರದಲ್ಲಿರುವ ಪೈಗಳ ಸ್ಮಾರಕಕ್ಕೆ ಕರೆದುಕೊಂಡು ಹೋಗಿ. ರಾಷ್ಟ್ರಕವಿಯ ಮನೆ ನಮ್ಮ ಬಸ್ಸು ಹೋಗುವ ದಾರಿಯಲ್ಲೇ ಇದೆ ಅನ್ನುವುದು ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಇನ್ನೊಂದು ಉಪಯೋಗದ ವಿಷಯ. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ ಮೇಲೆ 60 ವರ್ಷ ಬರಹದ ಹಕ್ಕು (ಕಾಪಿರೈಟ್) ಇರುತ್ತದೆ. ಪೈಗಳು 1963ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು, ಹಾಗಾಗಿ ಅವರು ಬದುಕಿದ್ದಾಗ ಅಚ್ಚಾದ ಪದ್ಯಗಳು 2024ರ ಜನವರಿಯಿಂದ ಎಲ್ಲರವು. ಯಾರನ್ನೂ ಕೇಳದೆ ಗೋಡೆಯ ಮೇಲೆ ಬರೆಯಬಹುದು, ಅಚ್ಚು ಹಾಕಿ ಹಂಚಬಹುದು. ನಾವು ಡ್ರಾಯಿಂಗ್ ಹಾಳೆಯಲ್ಲಿ ಒಂದು ಪದ್ಯ ಬರೆಸಿ ಬಾಗಿಲ ಪಕ್ಕ ಹಾಕಿದ್ದೇವೆ.

ಏಪ್ರಿಲ್ ಮಧ್ಯದಲ್ಲಿ ಬಿಸು, ನಮ್ಮ ಕಡೆಯ ಹೊಸ ವರ್ಷದ ಹಬ್ಬ. ಆ ವಾರ ಯಾರೂ ಬರುವುದಿಲ್ಲ, ಮನೆ ಮನೆಯಲ್ಲಿ ನೆಂಟರು. ಕಾರ್ಯಕ್ರಮ ಇಡಬೇಡಿ. ಆದರೆ ಬಿಸುವಿನ ಮಾರನೇ ದಿನ ಲೈಬ್ರರಿಯಲ್ಲೂ ಒಂದು ಕಣಿ, ಅಂದರೆ ಹಬ್ಬದ ಬೆಳಗ್ಗೆ ಮೊದಲು ನೋಡಲು ಜೋಡಿಸಿಡುವ ಶುಭ ವಸ್ತುಗಳ ಹಾಗೆ, ಇಡಬಹುದು: ಮೇಜಿಗೆ ಬಿಳಿ ಬಟ್ಟೆ ಹಾಸಿ, ಕೊನ್ನೆ ಹೂವು, ಸೌತೆಕಾಯಿ, ಅದರ ಸುತ್ತ ಆ ವರ್ಷದ ಹೊಸ ಪುಸ್ತಕಗಳು. ಏಪ್ರಿಲ್ 23 ವಿಶ್ವ ಪುಸ್ತಕ ದಿನ. ಕೊನೆಯ ದಿನವನ್ನು ನಾವು ಪತ್ತನಾಜೆಗೆ, ಅಂದರೆ ಮೇ 24ರ ಆಸುಪಾಸಿಗೆ ಇಡುತ್ತೇವೆ. ಯಕ್ಷಗಾನದ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತು, ಮಳೆಗೆ ತಯಾರಿ ಶುರುವಾಗುವ ಹೊತ್ತು, ಮಕ್ಕಳಿಗೂ ಬಟ್ಟೆ, ಚೀಲ, ಕೊಡೆ ಅಂತ ಪೇಟೆಗೆ ಹೋಗುವುದು ಇರುತ್ತದೆ.

ಏನು ಮಾಡಿಸುವುದು

ದುಡ್ಡು ಕೊಟ್ಟು ಹೊರಗಿನಿಂದ ಯಾರನ್ನೋ ಕರೆಸುವ ಮೊದಲು ನಿಮ್ಮ ಊರನ್ನೇ ಒಮ್ಮೆ ನೋಡಿ.

ನಮ್ಮಲ್ಲಿ ತುಂಬ ಚೆನ್ನಾಗಿ ಆದದ್ದು ಊರ ಹೆಸರುಗಳ ಕೆಲಸ. ಮೊದಲ ದಿನ ಪ್ರತಿ ಮಗುವೂ ತನ್ನ ಮನೆಯ ಜಾಗದ ಹೆಸರು ಹೇಳಬೇಕು. ಅಡ್ಕ, ಮೂಲೆ, ಪದವು, ಕಾನ, ಕೋಡಿ, ಬಯಲು, ಕಟ್ಟೆ, ಗುಡ್ಡೆ. ಅರ್ಧ ಗಂಟೆಯಲ್ಲಿ ಕರಿಹಲಗೆ ತುಂಬಿಹೋಯಿತು. ಅಡ್ಕ ಅಂದರೆ ಹುಲ್ಲು ಬೆಳೆಯುವ ಬಯಲು ಜಾಗ, ಪದವು ಅಂದರೆ ಗುಡ್ಡೆಯ ಮೇಲಿನ ಸಪಾಟು, ಕಾನ ಅಂದರೆ ಕಾಡು. ಹಾಗಾದರೆ ನಿನ್ನ ಮನೆಯ ಹತ್ತಿರ ಈಗಲೂ ಕಾಡಿದೆಯಾ? ಇಲ್ಲ, ರಬ್ಬರ್ ಇದೆ. ಮೊದಲು ಏನಿತ್ತು? ಗೊತ್ತಿಲ್ಲ, ಅಜ್ಜಿಯ ಹತ್ತಿರ ಕೇಳಿ ಬರುತ್ತೇನೆ. ಇಷ್ಟಾದರೆ ಸಾಕು, ಆಮೇಲೆ ಕೆಲಸ ತಾನೇ ನಡೆಯುತ್ತದೆ. ಮುಂದಿನ ವಾರ ಅಜ್ಜಿ ಹೇಳಿದ್ದನ್ನು ಬರೆದು ತರುತ್ತಾರೆ. ನಾವು ನಾಲ್ಕು ಡ್ರಾಯಿಂಗ್ ಹಾಳೆ ಅಂಟಿಸಿ ಊರಿನ ನಕ್ಷೆ ಮಾಡಿ ಆ ಹೆಸರುಗಳನ್ನೆಲ್ಲ ಕನ್ನಡದಲ್ಲೂ ಮಲಯಾಳದಲ್ಲೂ ಬರೆದೆವು. ನಾವು ಕುಂಬಳೆ ಅನ್ನುವುದು ಬೋರ್ಡಿನಲ್ಲಿ ಕುಂಬಳ ಆಗಿರುತ್ತದೆ, ಮಂಜೇಶ್ವರ ಮಂಜೇಶ್ವರಂ ಆಗಿರುತ್ತದೆ. ಹೆಸರು ಬರೆದಿಡದಿದ್ದರೆ ಹೋಗಿಬಿಡುತ್ತದೆ ಅನ್ನುವುದು ನನಗೆ ನಿಜವಾಗಿಯೂ ಹೆದರಿಕೆಯ ವಿಷಯ. ದೊಡ್ಡ ಊರುಗಳ ಹೆಸರು ಹೇಗೋ ಉಳಿಯಬಹುದು, ಒಂದು ಮೂಲೆಯ, ಒಂದು ಕಟ್ಟೆಯ ಹೆಸರನ್ನು ಅಲ್ಲಿಯ ಮಗುವೇ ಬರೆದಿಡಬೇಕು.

ಸುರಂಗವೂ ಹಾಗೆಯೇ. ಮುರಕಲ್ಲಿನ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದು, ಒಸರುವ ನೀರು ತಾನೇ ಹರಿದು ಬಂದು ಹೊರಗಿನ ಟಾಂಕಿಗೆ ಬೀಳುವ ಹಾಗೆ ಮಾಡಿದ ಈ ಸುರಂಗಗಳು ಎಣ್ಮಕಜೆ, ಪೈವಳಿಕೆ ಕಡೆ ಇನ್ನೂ ಎಷ್ಟೋ ತೋಟಗಳಿಗೆ ನೀರು ಕೊಡುತ್ತಿವೆ. ಪಂಪ್ ಬೇಡ, ಕರೆಂಟ್ ಬೇಡ. ಕೊರೆದು ಗೊತ್ತಿರುವ ಹಿರಿಯರೊಬ್ಬರನ್ನು ಕರೆಸಿ ಕೂರಿಸಿ. ನಮ್ಮಲ್ಲಿಗೆ ಬಂದ ಅಜ್ಜ ಕುರ್ಚಿ ಬೇಡ ಅಂತ ನೆಲದಲ್ಲೇ ಕೂತರು. ಒಳಗೆ ಮೇಣದ ಬತ್ತಿ ಹಿಡಿದು ಹೋಗುತ್ತಿದ್ದದ್ದು ಬೆಳಕಿಗೆ ಮಾತ್ರ ಅಲ್ಲ, ಬತ್ತಿ ಸಣ್ಣಗಾದರೆ ಗಾಳಿ ಸಾಲದು ಅಂತ ತಿಳಿದು ಹೊರಗೆ ಬರುತ್ತಿದ್ದರು ಅಂತ ಹೇಳುವಾಗ ಅವರ ಬಲಗೈ ಬೆರಳು ತಾನಾಗಿಯೇ ಬತ್ತಿ ಹಿಡಿದ ಹಾಗೆ ಮಡಚಿಕೊಂಡಿತ್ತು. ಇಪ್ಪತ್ತು ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಮಕ್ಕಳನ್ನು ನೋಡಲು ಕರೆದುಕೊಂಡು ಹೋದರೆ ಬಾಯಿಯ ಹೊರಗೇ ನಿಲ್ಲಿಸಿ, ಒಳಗೆ ಬಿಡಬೇಡಿ.

ಇಂಥ ಮಾತು ಮುಗಿದ ಕೂಡಲೇ, ಮಕ್ಕಳು ಏಳುವ ಮೊದಲು, ಆ ವಿಷಯಕ್ಕೆ ಹತ್ತಿರದ ಐದಾರು ಪುಸ್ತಕಗಳನ್ನು ಅವರ ಮುಂದೆ ಇಡಬೇಕು. ನೀರು, ಮಣ್ಣು, ಬಾವಿ, ಹುಳ ಹುಪ್ಪಟೆ, ಏನಿದ್ದರೂ ಸರಿ. ಅದನ್ನು ಹಿಂದಿನ ದಿನವೇ ಆರಿಸಿ ಮೇಜಿನಲ್ಲಿ ಇಟ್ಟಿರಬೇಕು. ಆಮೇಲೆ ಹುಡುಕುತ್ತೇನೆ ಅಂದರೆ ಮಕ್ಕಳು ಚಪ್ಪಲಿ ಹಾಕಿ ಆಗಿರುತ್ತದೆ.

ಕೈಬರಹದ ಪತ್ರಿಕೆ ಮಾಡಿಸಿ. ತಾಳಮದ್ದಳೆ ಗೊತ್ತಿರುವವರು ಊರಿನಲ್ಲಿ ಇದ್ದೇ ಇರುತ್ತಾರೆ, ಯಕ್ಷಗಾನದ ಪಾರ್ತಿಸುಬ್ಬನ ಊರು ಇದು, ಅವರಿಂದ ಒಂದು ಬೆಳಗ್ಗೆ ಎರಡು ಪಾತ್ರಗಳ ಮಾತುಕತೆ ಮಾಡಿಸಿದರೆ ಮಕ್ಕಳು ಮಾತು ಕಟ್ಟುವುದನ್ನು ಕಲಿಯುತ್ತಾರೆ. ಒಗಟು, ಗಾದೆ, ಹಲಸಿನ ಹಪ್ಪಳ ಮಾಡುವ ಕ್ರಮ, ಎಲ್ಲವನ್ನೂ ಪತ್ರಿಕೆಗೆ ಬರೆಸಬಹುದು.

ಓದಲು ಕಷ್ಟಪಡುವ ಮಗು

ಇದು ನನಗೆ ಎಲ್ಲಕ್ಕಿಂತ ಮುಖ್ಯ. ಇಂಗ್ಲಿಷ್ ಮೀಡಿಯಂಗೆ ಹೋಗುವ ಎಷ್ಟೋ ಮಕ್ಕಳು ಕನ್ನಡ ಚೆಂದ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅವರನ್ನು ಎಲ್ಲರ ಎದುರು ಎಬ್ಬಿಸಿ ಓದಿಸಬೇಡಿ. ಒಮ್ಮೆ ನಾಚಿಕೆಯಾದರೆ ಆ ಮಗು ಮತ್ತೆ ಬರುವುದಿಲ್ಲ. ನೀವೇ ಗಟ್ಟಿಯಾಗಿ ಓದಿ. ಪುಸ್ತಕವನ್ನು ಮಕ್ಕಳ ಕಡೆಗೆ ತಿರುಗಿಸಿ ಹಿಡಿದು, ಬೆರಳು ಅಕ್ಷರದ ಕೆಳಗೆ ಮೆಲ್ಲ ಸಾಗಲಿ. ಮತ್ತೆ ಮತ್ತೆ ಬರುವ ಸಾಲನ್ನು ಎಲ್ಲರೂ ಸೇರಿ ಹೇಳಲಿ. ಎರಡನೇ ಸಲ ಓದುವಾಗ ಆ ಸಾಲು ಬಂದ ಕಡೆ ನೀವು ಸುಮ್ಮನಾಗಿ, ಅವರೇ ಹೇಳುತ್ತಾರೆ. ಹೀಗೆ ಒಂದೇ ಪುಸ್ತಕವನ್ನು ನಾಲ್ಕು ಸಲ ಓದಿದರೆ ಬೇಜಾರಾಗುವುದು ದೊಡ್ಡವರಿಗೆ ಮಾತ್ರ.

ಆಮೇಲೆ ಜೋಡಿ ಮಾಡಿ. ಕನ್ನಡ ಓದುವ ಒಂದು ಮಗು, ಮಲಯಾಳ ಓದುವ ಒಂದು ಮಗು, ಒಂದೇ ಕಥೆ ಎರಡೂ ಭಾಷೆಯಲ್ಲಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಮಕ್ಕಳ ಕಥೆಗಳು ಕನ್ನಡದಲ್ಲೂ ಮಲಯಾಳದಲ್ಲೂ ಸಿಗುತ್ತವೆ, ದುಡ್ಡಿಲ್ಲ, ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಯಬಹುದು. ಪೇಟೆಯ ಡಿಟಿಪಿ ಅಂಗಡಿಯಲ್ಲಿ ಕಪ್ಪು ಬಿಳುಪಿನಲ್ಲಿ ತೆಗೆಸಿ, ಚಿತ್ರಕ್ಕೆ ಬಣ್ಣ ಮಕ್ಕಳೇ ತುಂಬಿದರೆ ಅದು ಅವರ ಪುಸ್ತಕವೇ ಆಗುತ್ತದೆ. ಕನ್ನಡದ ಮಕ್ಕಳ ಪುಸ್ತಕ ಕೊಳ್ಳಲು ನಮಗೆ ಮಂಗಳೂರೇ ಹತ್ತಿರ. ಹೋಗುವವರ ಹತ್ತಿರ ಪಟ್ಟಿ ಕೊಟ್ಟು ಕಳಿಸಿ, ನೀವೇ ಹೋಗುವುದಾದರೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗಿ ಅವರೇ ಆರಿಸಲಿ. ಅವರ ಆಯ್ಕೆ ನಮ್ಮದಕ್ಕಿಂತ ಜಾಸ್ತಿ ಸಲ ಇಶ್ಯೂ ಆಗಿದೆ.

ರಜೆಗೆ ಮಾತ್ರ ಅಂತ ಪುಕ್ಕಟೆ ಮೆಂಬರ್‌ಶಿಪ್ ಕೊಡಿ. ಒಂದು ಸಲಕ್ಕೆ ಎರಡು ಪುಸ್ತಕ. ಹರಿದರೆ ಬೈಯುವುದಿಲ್ಲ, ಅಂಟಿಸಲು ಬನ್ನಿ ಅಂತ ಮೊದಲೇ ಹೇಳಿಬಿಡಿ. ಪುಸ್ತಕ ಕಳೆದುಹೋದರೆ ಅಂತ ಹೆದರುವ ಸಮಿತಿಯವರು ಇರುತ್ತಾರೆ. ಅವರ ಕಾಳಜಿಯೂ ನ್ಯಾಯವೇ. ಅಂಥವರನ್ನೇ ಒಂದು ದಿನ ಪುಸ್ತಕ ಕೊಡುವ ಮೇಜಿನಲ್ಲಿ ಕೂರಿಸಿ.

ಖರ್ಚು, ರಿಜಿಸ್ಟರ್

ಖರ್ಚು ಕಡಿಮೆಯೇ. ದುಡ್ಡು ಕೇಳುವುದಕ್ಕಿಂತ ವಸ್ತು ಕೇಳಿದರೆ ಜನ ಸಂತೋಷದಿಂದ ಕೊಡುತ್ತಾರೆ. ಒಬ್ಬರ ಮನೆಯಿಂದ ಮಜ್ಜಿಗೆ, ಒಬ್ಬರ ತೋಟದಿಂದ ಬಾಳೆಹಣ್ಣು, ಒಬ್ಬರಿಂದ ಬೇಯಿಸಿದ ಹಲಸಿನ ಬೀಜ, ಪುನರ್ಪುಳಿ ಶರಬತ್ತು. ಯಾವ ದಿನ ಯಾರ ಮನೆಯಿಂದ ಅಂತ ಮೊದಲೇ ಬರೆದಿಡಿ.

ಪಂಚಾಯತಿಗೂ ಹೋಗಿ ಕೇಳಿ. ಕೇರಳದಲ್ಲಿ 1989ರ ಗ್ರಂಥಾಲಯ ಕಾಯಿದೆಯ ಪ್ರಕಾರ ನಾವು ಕಟ್ಟುವ ಮನೆ ತೆರಿಗೆಯ ಜೊತೆ ಶೇಕಡಾ 5 ಲೈಬ್ರರಿ ಸೆಸ್ ಇದೆ. ಲೈಬ್ರರಿಗಾಗಿ ಮನೆ ತೆರಿಗೆ ಕಟ್ಟುವ ಪ್ರತಿಯೊಬ್ಬರೂ ಆಗಲೇ ದುಡ್ಡು ಕೊಟ್ಟಿದ್ದಾರೆ, ಅಲ್ವಾ? ನಿಮ್ಮ ಲೈಬ್ರರಿ ರಾಜ್ಯ ಲೈಬ್ರರಿ ಕೌನ್ಸಿಲಿಗೆ ಸೇರಿದ್ದಾದರೆ, ಪ್ರತಿ ಕಾರ್ಯಕ್ರಮದ ತಾರೀಕು, ಬಂದವರ ಸಹಿ, ಒಂದೆರಡು ಫೋಟೋ, ಮಿನಿಟ್ಸ್ ಎಲ್ಲ ಅವತ್ತವತ್ತೇ ಬರೆದಿಡಿ. ಗ್ರಾಂಟಿಗೂ ಗ್ರೇಡಿಗೂ ಅದೇ ಆಧಾರ. ವರ್ಷದ ಕೊನೆಗೆ ನೆನಪು ಮಾಡಿ ಬರೆಯಲು ಹೋದರೆ ಅರ್ಧ ಬಿಟ್ಟುಹೋಗುತ್ತದೆ. ಸಹಿಯ ಪಕ್ಕದಲ್ಲಿ ಇನ್ನೊಂದು ಗೆರೆ ಹಾಕಿ, ಅವತ್ತು ಎಷ್ಟು ಪುಸ್ತಕ ಮನೆಗೆ ಹೋಯಿತು ಅಂತ ಬರೆಯಿರಿ. ಮುಂದಿನ ವರ್ಷ ಯಾವುದನ್ನು ಮತ್ತೆ ಮಾಡಬೇಕು ಅಂತ ಆ ಗೆರೆ ನೋಡಿಯೇ ತೀರ್ಮಾನಿಸುತ್ತೇವೆ.

ಮಳೆ ಬರುವ ಮೊದಲು

ಮೇ ಕೊನೆಯ ವಾರ ಪುಸ್ತಕಗಳನ್ನೆಲ್ಲ ವಾಪಸು ತರಿಸಿ. ಫೋನ್ ಮಾಡುವುದಕ್ಕಿಂತ ಹತ್ತಿರದ ಮನೆಯ ಮಗುವಿನ ಹತ್ತಿರ ಹೇಳಿ ಕಳಿಸಿದರೆ ಬೇಗ ಬರುತ್ತವೆ. ಮಾಡಿನ ಹೆಂಚು ಒಡೆದಿದೆಯಾ ನೋಡಿ, ಕಪಾಟಿನ ಅಡಿಯ ತಟ್ಟನ್ನು ಖಾಲಿ ಮಾಡಿ, ಅಲ್ಲಿದ್ದ ಪುಸ್ತಕ ಮೇಲಕ್ಕೆ. ಮಕ್ಕಳದ್ದನ್ನು ಮಾತ್ರ ಎಲ್ಲಕ್ಕಿಂತ ಮೇಲಕ್ಕೆ ಏರಿಸಬೇಡಿ, ಎರಡನೇ ತಟ್ಟಿನಲ್ಲಿ ಇರಲಿ. ಯಾಕೆಂದರೆ ಜೂನ್ 19 ದೂರವಿಲ್ಲ. ಕೇರಳದಲ್ಲಿ ಗ್ರಂಥಾಲಯಗಳನ್ನು ಕಟ್ಟಿ ಬೆಳೆಸಿದ ಪಿ. ಎನ್. ಪಣಿಕ್ಕರ್ 1995ರಲ್ಲಿ ತೀರಿಕೊಂಡ ದಿನ ಅದು, 1996ರಿಂದ ವಾಚನ ದಿನವಾಗಿ ಆಚರಿಸುತ್ತಾರೆ, ಶಾಲೆಗಳಲ್ಲೂ ಕಾರ್ಯಕ್ರಮ ಇರುತ್ತದೆ. ರಜೆಯಲ್ಲಿ ಮಾಡಿದ ಊರ ಹೆಸರಿನ ನಕ್ಷೆ, ಕೈಬರಹದ ಪತ್ರಿಕೆ ಎರಡನ್ನೂ ಅವತ್ತು ಶಾಲೆಗೆ ಒಯ್ಯಲು ಹೆಡ್‌ಮಾಷ್ಟ್ರ ಹತ್ತಿರ ಮೇ ತಿಂಗಳಲ್ಲೇ ಮಾತಾಡಿ ಇಡಿ. ನಕ್ಷೆಯನ್ನು ಮಡಚಬೇಡಿ, ಸುರುಳಿ ಸುತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿ ಒಯ್ಯಿರಿ, ಮಳೆ ಜೋರಾಗಿರುತ್ತದೆ.